ಮಂಡಕ್ಕಿ ರಾಶಿಯೇ ಪರದೆ: ನನ್ನ ಅನುಭವ

ಹೋದ ಫೆಬ್ರವರಿಯಲ್ಲಿ 9 ದಿನ, ಸಂಜೆ ಐದೈದು ತಾಸು, ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಗೋದಾಮಿನಲ್ಲಿ ನನ್ನ ವಿಡಿಯೋ ಕಲಾಕೃತಿಯ ಮೂರು ಪ್ರೊಜೆಕ್ಟರ್ ಒಟ್ಟಿಗೆ ಓಡಿದವು. ಮಂಡಕ್ಕಿ ರಾಶಿಯೇ ಪರದೆ. ಇದಕ್ಕೆ ನಾಲ್ಕು ವರ್ಷ ಹಿಡಿಯಿತು. "ಮೊಬೈಲಲ್ಲೇ ವಿಡಿಯೋ ಐತೆ, ಗೋದಾಮಿಗೆ ಯಾರ್ ಬರ್ತಾರಪ್ಪ?" ಅಂದಿದ್ದ ಗೆಳೆಯರೇ ಎರಡೆರಡು ಸಲ ಬಂದು ನೋಡಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಕಲಿತದ್ದು ಪೇಂಟಿಂಗ್, ಹೊಟ್ಟೆಪಾಡು ಮದುವೆ ವಿಡಿಯೋ. ಸೀಸನ್ನಿನ ದುಡ್ಡೆಲ್ಲ ಇದಕ್ಕೇ ಸುರಿದೆ. ಮೊದಲ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರಿಗೆ 18 ಸಾವಿರ ಕೊಟ್ಟೆ, ತಿಂಗಳೊಳಗೆ ಲ್ಯಾಂಪ್ ಹೋಗಿ ಮತ್ತೆ ಆರೂವರೆ ಸಾವಿರ. ಮೂರು ಪ್ರೊಜೆಕ್ಟರ್, ಮೂರು ರಾಸ್ಪ್‌ಬೆರಿ ಪೈ (ವಿಡಿಯೋ ಓಡಿಸುವ ಅಂಗೈಯಗಲದ ಕಂಪ್ಯೂಟರ್), ಕೇಬಲ್, ಯುಪಿಎಸ್ ಎಲ್ಲ ಸೇರಿ ಲಕ್ಷ ದಾಟಿದೆ.

ಮೊದಲು ಹೊರಟಿದ್ದು ಚಿತ್ರದುರ್ಗದ ಬಂಡೆಯ ಮೇಲೆ ಹಾಕಲು. ಕೋಟೆಯಲ್ಲಲ್ಲ, ಊರಾಚೆ ನೆಂಟರ ಹೊಲದ ಬಂಡೆ. 3 ಸಾವಿರ ಲೂಮೆನ್ಸ್ ಬೆಳಕನ್ನು ಆ ಕರಿಕಲ್ಲು ಕುಡಿದುಬಿಟ್ಟಿತು. ಜನರೇಟರ್, ಟೆಂಪೋ ಬಾಡಿಗೆ ನಾಲ್ಕು ಸಾವಿರ, ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು. ಅದಾದ ಮೇಲೆ ಒಂದು ರಾತ್ರಿ ಭಟ್ಟಿಯಲ್ಲಿ ಒಂದೇ ಟ್ಯೂಬ್‌ಲೈಟಿನ ಕೆಳಗೆ ಮಂಡಕ್ಕಿ ರಾಶಿ ಹೊಳೆಯುವುದು ಕಂಡೆ. ಒಂದೊಂದು ಕಾಳಿಗೂ ಬಿಳಿ ಬೆನ್ನು, ಪಕ್ಕದಲ್ಲಿ ಗೆರೆಯಷ್ಟು ನೆರಳು. ಚಿತ್ರ ಹಾಕಿದರೆ ಹಳೇ ಟೀವಿಯ ಚುಕ್ಕಿಗಳ ಹಾಗೆ ಕುಣಿಯುತ್ತದೆ. ಯಾವ ರೆಡಿಮೇಡ್ ಪರದೆಯಲ್ಲೂ ಅದು ಸಿಗಲ್ಲ.

ರಾಶಿ ನಿಲ್ಲಬೇಕಲ್ಲ! 12 ಚೀಲ ಸುರಿದೆ, ಬೆಳಗ್ಗೆಗೆ ಜಾರಿ ಚಪ್ಪಟೆ. ಎರಡನೇ ಸಲ ಆಷಾಢದ ಜಡಿಮಳೆ: ಮಂಡಕ್ಕಿ ಮೆತ್ತಗಾಗಿ ಬೂದುಬಣ್ಣಕ್ಕೆ ತಿರುಗಿತು, ಇಲಿ ಬಂತು, ಕೆಂಜಿಗ ಬಂತು. ಆಮೇಲೆ ಕೆಳಗೆ ಭತ್ತದ ಹೊಟ್ಟಿನ ಚೀಲಗಳನ್ನು ಮೆಟ್ಟಿಲ ಹಾಗೆ ಪೇರಿಸಿ, ಮೇಲೆ ಹಳೇ ಪಂಚೆ ಹೊದಿಸಿ, ಒಂದೇ ಪದರ ಮಂಡಕ್ಕಿಯನ್ನು ಮೈದಾ ಅಂಟಿನಿಂದ ಕೂರಿಸಿದೆ. ಎರಡು ಚೀಲದಲ್ಲಿ ಕೆಲಸ ಮುಗಿಯಿತು. ಹುಳ ಬೀಳದಿರಲಿ ಎಂದು ಪೋಸ್ಟರ್ ಅಂಟಿಸುವವರ ಹಾಗೆ ಮೈಲುತುತ್ತ ಬೆರೆಸಿದರೆ ಚಿತ್ರದಲ್ಲಿ ಎಲ್ಲರ ಮುಖವೂ ನೀಲಿ. ಈಗ ಬೆರೆಸುವುದು ಬೇರೆ. ಏನು ಅಂತ ಇಲ್ಲಿ ಹೇಳಲ್ಲ.

ಜೀವ ತಿಂದದ್ದು ಸಿಂಕ್, ಅಂದರೆ ಮೂರೂ ವಿಡಿಯೋ ಹಿಂದುಮುಂದಾಗದೆ ಒಟ್ಟಿಗೆ ಓಡುವುದು. ಮುಗಿದೊಡನೆ ಮತ್ತೆ ಮೊದಲಿಂದ ಓಡುವ 11 ನಿಮಿಷದ ಲೂಪ್, ಮೂರನ್ನೂ ಒಟ್ಟಿಗೆ ಒತ್ತಿದರೂ ಎರಡು ತಾಸಿಗೆ ಸುಮಾರು ಎರಡು ಸೆಕೆಂಡ್ ಆಚೀಚೆ. ಎಡ ಪ್ರೊಜೆಕ್ಟರಿನ ಕೈ ಎಸೆದ ಮಂಡಕ್ಕಿ ಬಲದ್ದರಲ್ಲಿ ಬೀಳಬೇಕು, ಬೀಳುವುದೇ ಇಲ್ಲ. ವೈಫೈ ನಂಬಿ ಆರು ತಿಂಗಳು ಹಾಳು. ಕೊನೆಗೆ ಸುಮಾರು 250 ಅಡಿ ಲ್ಯಾನ್ ಕೇಬಲ್ ಎಳೆದೆ. ಮೂರೂ ಫೈಲಿನ ಕೊನೆಗೆ ಅರ್ಧ ಸೆಕೆಂಡ್ ಕಪ್ಪು, ಅಂದರೆ ಹನ್ನೆರಡು ಹದಿಮೂರು ಫ್ರೇಮ್. ಅಲ್ಲಿಗೆ ಬಂದು ಎರಡು ಪೈ ಕಾಯುತ್ತವೆ, ಯಜಮಾನ ಪೈ ಸಿಗ್ನಲ್ ಕೊಟ್ಟ ಮೇಲೆ ಮೂರೂ ಮೊದಲಿಂದ. ಒಂದು ಲೂಪಿನಲ್ಲಿ ಹುಟ್ಟಿದ ವ್ಯತ್ಯಾಸ ಮುಂದಿನದಕ್ಕೆ ದಾಟುವುದಿಲ್ಲ. ಇದು ನಾನೇ ಕಂಡುಕೊಂಡದ್ದು, ಯಾರೂ ಹೇಳಿಕೊಟ್ಟಿಲ್ಲ. ಇನ್ನೊಂದು ಮಾತು: ಕರೆಂಟ್ ಹೋದಾಗ ಮೆಮೊರಿ ಕಾರ್ಡ್ ಕೆಡುತ್ತದೆ. ನಾಲ್ಕು ಕಳೆದುಕೊಂಡ ಮೇಲೆ ಎಲ್ಲವನ್ನೂ ರೀಡ್ ಓನ್ಲಿ, ಅಂದರೆ ಓದಲಷ್ಟೇ ಬರುವ, ಬರೆಯಲಾಗದ ಹಾಗೆ ಮಾಡಿದೆ.

ನಡುವೆ ಶಬ್ದದ ಹುಚ್ಚು ಹಿಡಿಯಿತು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಬೇಕಿತ್ತು. ಬಾಣಲೆಯ ಅಂಚಿಗೆ ಅಂಟಿಸಿದ ಪೀಜೋ ಡಿಸ್ಕುಗಳು (ನಡುಕವನ್ನು ಸದ್ದಾಗಿ ಹಿಡಿಯುವ ತೆಳು ಬಿಲ್ಲೆಗಳು) ಸುಟ್ಟುಹೋದವು. ಸೌಟಿನ ಉದ್ದ ಹಿಡಿಯ ತುದಿಗೆ ಕಟ್ಟಿದಾಗ ಮಳೆ ಶುರುವಾದಂಥ ಸದ್ದು ಬಂತು! ಅದರದೇ ಒಂದು ಕೃತಿ ಆಗುತ್ತದೆ, ಬಿಟ್ಟಿಲ್ಲ.

ಕ್ಯುರೇಟರ್ ಆದದ್ದು, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನ ಜೋಡಿಸಿದ್ದು, ಬೇರೆ ದಾರಿ ಇಲ್ಲದೆ. ಬೇರೆ ಊರಿನ ಒಂದು ಗ್ಯಾಲರಿಯವರು ಎರಡು ವರ್ಷ ನೋಡೋಣ ನೋಡೋಣ ಅಂತಲೇ ಇದ್ದರು. 1971ರಲ್ಲಿ ನ್ಯೂಯಾರ್ಕಿನಲ್ಲಿ ವಿಡಿಯೋ ಕಲಾವಿದರಾದ ಸ್ಟೈನಾ ಮತ್ತು ವುಡಿ ವಸುಲ್ಕಾ ದಂಪತಿ ಒಂದು ಹಳೇ ಹೋಟೆಲಿನ ಅಡುಗೆಮನೆಯಲ್ಲಿ 'ದಿ ಕಿಚನ್' ಎಂಬ ಪ್ರದರ್ಶನದ ಜಾಗ ಶುರುಮಾಡಿದ್ದು ನೆನಪಿತ್ತು. ವಿಡಿಯೋ ಮಾಡಿದರು, ಎಂಜಿನಿಯರುಗಳ ಜೊತೆ ಕೂತು ಬೇಕಾದ ಯಂತ್ರ ಮಾಡಿಸಿಕೊಂಡರು, ಬೇರೆಯವರ ಕೆಲಸವನ್ನೂ ತೋರಿಸಿದರು. ನಮಗೆ ಗೋದಾಮು ಸಾಲದೇ? ಭಟ್ಟಿ ಯಜಮಾನರು 9 ದಿನಕ್ಕೆ 4 ಸಾವಿರ ಹಿಡಿದರು, ಕರೆಂಟ್ ಬಿಲ್ ಬೇರೆ. ಇನ್ನೂ ಐವರು ಕಲಾವಿದರನ್ನು ಕರೆದೆ. ಯಾರದು ಎಲ್ಲಿ ಅನ್ನುವುದನ್ನು ಯಾರ ಬೆಳಕು ಯಾರ ಮೇಲೆ ಚೆಲ್ಲುತ್ತದೆ ಅಂತ ನೋಡಿ ತೀರ್ಮಾನಿಸಿದೆ. ಸದ್ದು ಇದ್ದವು ಎರಡೇ, ಎದುರುಬದುರು ಮೂಲೆಗೆ. ಪುಸ್ತಕದಲ್ಲಿ ಸಹಿ ಹಾಕಿದವರು ಏಳುನೂರರ ಹತ್ತಿರ, ಹಮಾಲರು ಬಹಳ.

ಏಳನೇ ದಿನ, ಹುರಿಯುವ ಕೆಲಸದ ಅಕ್ಕ ಬಂದರು. ನಡುವಿನ ಚಿತ್ರದಲ್ಲಿ ಜರಡಿ ಆಡಿಸುವ ಕೈ ಅವರದೇ. ಹತ್ತಿರ ಹೋಗಿ ಬಗ್ಗಿ ನೋಡಿ, ತಮ್ಮ ಕೈಯನ್ನು ಪಕ್ಕಕ್ಕೆ ಹಿಡಿದು, "ನನ್ ಬಳೆ ಹಿಂಗ್ ಮಂಕಿಲ್ಲಪ್ಪಾ, ಇನ್ನೂ ಕೆಂಪು ಅದಾವೆ" ಅಂದರು. ಆ ಪ್ರೊಜೆಕ್ಟರಿನ ಲ್ಯಾಂಪ್ ಎಲ್ಲಕ್ಕಿಂತ ಹಳೇದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರನ್ನು ಅಲ್ಲೇ ನಿಲ್ಲಿಸಿಕೊಂಡು, ಅವರು "ಹಾಂ, ಈಗ" ಅನ್ನುವವರೆಗೆ ಕೆಂಪನ್ನು ಏರಿಸಿದೆ. ಮಾರನೇ ಸಂಜೆ ನಾದಿನಿಯನ್ನೂ ಕರೆದುಕೊಂಡು ಬಂದರು.