ವೀರಗಲ್ಲಿಗೆ ಮೂರು ಗುಂಟೆ

ಕೋಲಾರ ಜಿಲ್ಲೆಯ ನಮ್ಮ ಪಟ್ಟಣಕ್ಕೆ ಅಂಟಿಕೊಂಡ ಹಳ್ಳಿಗಳಲ್ಲಿ, ರಕ್ಷಿತ ಸ್ಮಾರಕಗಳ ಯಾವ ಪಟ್ಟಿಗೂ ಸೇರದ ಒಂಬತ್ತು ವೀರಗಲ್ಲು, ಎರಡು ಕಲ್ಯಾಣಿ ಮತ್ತು ಒಂದು ಕಲ್ಲಿನ ತೂಬು ಈಗ ಯೋಜನಾ ಪ್ರಾಧಿಕಾರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಸರ್ವೆ ನಂಬರಿನ ಸಮೇತ ದಾಖಲಾಗಿವೆ. ಇದು ಆಗುಹೋಗುವ ಕೆಲಸವಲ್ಲ ಎಂದು ನಕ್ಕವರಲ್ಲಿ ಭೂಮಾಪನ ಇಲಾಖೆಯಲ್ಲಿ ನನ್ನೊಡನೆ ಮೂವತ್ತು ವರ್ಷ ಸರಪಳಿ ಹಿಡಿದ ಗೆಳೆಯರೂ ಇದ್ದರು. ಇತರ ತಾಲ್ಲೂಕುಗಳಲ್ಲಿ ಇದೇ ಕೆಲಸದ ಹಿಂದೆ ಬಿದ್ದು ಚಪ್ಪಲಿ ಸವೆಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ಪೂರ್ತಿ ವ್ಯರ್ಥವಾಯಿತು. ನಿವೃತ್ತಿಯ ಹಣದಲ್ಲಿ ಹನ್ನೊಂದು ಕಬ್ಬಿಣದ ಫಲಕಗಳನ್ನು ಮಾಡಿಸಿದೆ; ಒಂದಕ್ಕೆ 2,800 ರೂಪಾಯಿಯ ಆಸುಪಾಸು ಬಿದ್ದಿರಬೇಕು. ಯುಗಾದಿಯ ವಾರ ನೆಟ್ಟವುಗಳಲ್ಲಿ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ನಾಲ್ಕು ಉಳಿದಿದ್ದವು. ಒಂದನ್ನು ಗುಜರಿ ಅಂಗಡಿಯಲ್ಲಿ ಕಂಡು, ನನ್ನದೇ ಫಲಕವನ್ನು ನಾನೇ 300 ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದೆ.

ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು. ಕಲ್ಲುಗಳನ್ನೆಲ್ಲ ರಕ್ಷಿತ ಸ್ಮಾರಕಗಳೆಂದು ಘೋಷಿಸಬೇಕೆಂದು ಮನವಿ ಬರೆದು, ಅದರ ಪ್ರತಿಯನ್ನು ಊರೂರಿಗೆ ಹಂಚಿದೆ. ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಎಂಬ 2010ರ ತಿದ್ದುಪಡಿ ಅನ್ವಯಿಸುವುದು ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ ಮಾತ್ರ. ಆದರೆ ಎಕರೆಗೆ ಕೋಟಿಯ ಮಾತು ನಡೆಯುತ್ತಿರುವ ಹೊಲದ ಯಜಮಾನನಿಗೆ ಆ ವ್ಯತ್ಯಾಸವನ್ನು ಬಿಡಿಸಿ ಹೇಳುವವರು ಯಾರು? ಮನವಿ ಹಂಚಿದ ಒಂಬತ್ತನೆಯ ದಿನ ಬೆಳಿಗ್ಗೆ ನಾನು ಹೋಗಿ ನೋಡಿದಾಗ, ಎದೆಮಟ್ಟದ ತುರುಗೋಳ್ ಕಲ್ಲೊಂದು, ಅಂದರೆ ದನಗಳ ಅಪಹರಣದ ಕಾಳಗದಲ್ಲಿ ಮಡಿದವನ ವೀರಗಲ್ಲೊಂದು, ನಿಂತಿದ್ದ ಜಾಗದಲ್ಲಿ ಹಸಿ ಮಣ್ಣಿನ ಗುಂಡಿಯೂ ಕೆರೆ ಏರಿಯವರೆಗೆ ಜೆಸಿಬಿಯ ಚಕ್ರದ ಗುರುತೂ ಇದ್ದವು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಅವುಗಳ ಮುಂದೆ ಮೈಗೆ ಬಾಣ ನೆಟ್ಟಿದ್ದರೂ ಬಿಲ್ಲು ಬಿಡದ ವೀರ, ಮೇಲಂಚಿನಲ್ಲಿ ಎರಡು ಸಾಲು ಅಕ್ಷರ. ಅದು ಇಂದಿಗೂ ಸಿಕ್ಕಿಲ್ಲ. ಅದನ್ನು ಹೂಳಿಸಿದವನು ಹೊಲದವನಾದರೂ ಹೂಳಿಸುವಂತೆ ಮಾಡಿದ್ದು ನನ್ನ ಮನವಿಯೇ ಎಂದು ಒಪ್ಪಿಕೊಳ್ಳುತ್ತೇನೆ.

ಆ ಬಳಿಕ ಇತಿಹಾಸದ ಮಾತನ್ನು ಕಚೇರಿಗಳಲ್ಲಿ ಆಡುವುದನ್ನೇ ಬಿಟ್ಟು, ನನಗೆ ಬರುವ ಏಕೈಕ ಭಾಷೆಯಾದ ಸರ್ವೆ ನಂಬರು ಮತ್ತು ಗುಂಟೆಯ ಭಾಷೆಗೆ ಇಳಿದೆ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, 1905ರ ಕೋಲಾರ ಸಂಪುಟ, ಕಲ್ಲು ಎಲ್ಲಿದೆಯೆಂಬುದನ್ನು ಊರಿನ ದಿಕ್ಕು ಮತ್ತು ಹೊಲದ ಗುರುತಿನಿಂದ ಹೇಳುತ್ತದೆ. ಆ ಗುರುತುಗಳನ್ನು ಹಳೆಯ ಟಿಪ್ಪಣಿ (ಹೊಲದ ಅಳತೆಯ ಮೂಲ ದಾಖಲೆ), ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಹೇಳುವ ಆಕಾರ್‌ಬಂದ್ ಮತ್ತು ಗ್ರಾಮ ನಕ್ಷೆಯೊಡನೆ ತಾಳೆ ನೋಡಿ, ಸ್ಥಳಕ್ಕೆ ಹೋಗಿ ಸರ್ಕಾರದ ಮೊಬೈಲ್ ಆ್ಯಪ್ ಆದ ದಿಶಾಂಕ್‌ನಲ್ಲಿ ನಂಬರನ್ನು ಖಚಿತಪಡಿಸಿಕೊಂಡು, ಅನುಮಾನವಿದ್ದಲ್ಲಿ ಮಾತ್ರ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಹಣ ಕಟ್ಟಿದೆ. ಒಂದು ಕಡೆ ವೀರಗಲ್ಲನ್ನೇ ಬಾಂದು ಕಲ್ಲು, ಅಂದರೆ ಹೊಲದ ಗಡಿಕಲ್ಲು, ಎಂದು ಟಿಪ್ಪಣಿಯಲ್ಲಿ ಬರೆದಿದ್ದ ಹಿರಿಯ ಭೂಮಾಪಕರಿಗೆ ಮನಸ್ಸಿನಲ್ಲೇ ಕೈಮುಗಿದೆ, ಏಕೆಂದರೆ ಬಾಂದು ಕಲ್ಲನ್ನು ಕೀಳುವುದು ಅಪರಾಧವೆಂದು ಎಲ್ಲರಿಗೂ ಗೊತ್ತು.

ಪ್ರತಿ ಕಲ್ಲಿಗೂ ನಾನು ಕೇಳಿದ್ದು ಮೂರು ಗುಂಟೆ, ಅಂದರೆ 3,267 ಚದರ ಅಡಿ ಮಾತ್ರ. ಹೊಲ ಹೇಗೂ ಬಡಾವಣೆಯಾಗುತ್ತದೆ, ಬಡಾವಣೆಯೆಂದರೆ ಉದ್ಯಾನಕ್ಕೆ ಜಾಗ ಬಿಡಲೇಬೇಕು, ಆ ಉದ್ಯಾನವನ್ನು ಮೂಲೆಗೆ ತಳ್ಳದೆ ಕಲ್ಲು ನಿಂತಲ್ಲಿಗೇ ತಂದರೆ ಯಜಮಾನನಿಗೆ ಒಂದಡಿಯೂ ನಷ್ಟವಿಲ್ಲ ಎಂಬುದನ್ನು ಕಾಗದದ ಮೇಲೆ ಗೀಚಿ ತೋರಿಸಿದಾಗ, ಮೊದಲು ನಾಯಿ ಬಿಟ್ಟಿದ್ದ ಮನೆಯಲ್ಲೇ ಕಾಫಿ ಕೊಟ್ಟರು. ಖರಾಬು, ಅಂದರೆ ಸಾಗುವಳಿಗೆ ಬಾರದ್ದೆಂದು ದಾಖಲಾದ ಜಾಗ, ಇರುವ ನಂಬರುಗಳಲ್ಲಿ ಕೆಲಸ ಇನ್ನೂ ಹಗುರ. ಪೂರ್ತಿ ಖಾಸಗಿ ಹಿಡುವಳಿಯಿದ್ದ ಎರಡು ಕಡೆ ನಾನು ಬಳಸಿದ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ಕೆಲಸಕ್ಕೆ ಬಾರದಾದೀತು, ಮುಖತಃ ಸಿಕ್ಕವರಿಗೆ ಹೇಳುತ್ತೇನೆ.

ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಅದರಡಿ ಮಹಾಯೋಜನೆ ಪ್ರಕಟವಾದ ಮೇಲೆ ಸಲಹೆ, ಆಕ್ಷೇಪಣೆ ಕೊಡಲು ಸಾರ್ವಜನಿಕರಿಗೆ ಸಿಗುವ 60 ದಿನಗಳೇ ನಮ್ಮ ಸುಗ್ಗಿ. ನಾನು ಒಂದು ದೊಡ್ಡ ಮನವಿ ಕೊಡುವ ಬದಲು ಹದಿನೇಳು ಪ್ರತ್ಯೇಕ ಅರ್ಜಿಗಳನ್ನು ಕೊಟ್ಟು, ಹದಿನೇಳು ಸ್ವೀಕೃತಿಗಳನ್ನು ಪಡೆದೆ. ಒಂದೇ ಅರ್ಜಿಯಾಗಿದ್ದರೆ ಒಂದೇ ಷರಾ ಬರೆದು ಮುಗಿಸಿಬಿಡುತ್ತಿದ್ದರು. ಪ್ರತಿ ಅರ್ಜಿಗೂ ಪಹಣಿ, ಟಿಪ್ಪಣಿಯ ನಕಲು, ಹಗಲಿನ ಒಂದು ಫೋಟೊ, ರಾತ್ರಿಯ ಒಂದು ಫೋಟೊ, ಜೊತೆಗೆ ಗ್ರಾಮಸಭೆಯ ನಿರ್ಣಯ. ಪಂಚಾಯಿತಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಿದ ಒಬ್ಬ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ, ಸಂವಿಧಾನದ 11ನೆಯ ಅನುಸೂಚಿಯ 29 ವಿಷಯಗಳಲ್ಲಿ ಸಾಂಸ್ಕೃತಿಕ ಚಟುವಟಿಕೆ 21ನೆಯದೆಂದು ಪುಟ ತೆರೆದು ತೋರಿಸಬೇಕಾಯಿತು.

ರಾತ್ರಿಯ ಫೋಟೊದ ಕಥೆ ಬೇರೆಯೇ ಇದೆ. ಸವೆದ ಅಕ್ಷರಗಳು ಹಗಲಿನಲ್ಲಿ ಕಾಣುವುದಿಲ್ಲ. ಕತ್ತಲಾದ ಮೇಲೆ ಕಲ್ಲಿನ ಅಂಚಿಗೆ ಟಾರ್ಚನ್ನು ಅಡ್ಡಲಾಗಿ ಹಿಡಿದರೆ ಗೀರುಗಳಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಆ ಬೆಳಕನ್ನು ದೂರದಿಂದ ಕಂಡ ಊರಿನವರು ನಿಧಿ ಅಗೆಯಲು ಬಂದವನೆಂದು ತಿಳಿದು ದೊಣ್ಣೆ ಸಮೇತ ಬಂದರು. ಅವರಿಗೆ ಅಕ್ಷರಗಳನ್ನು ತೋರಿಸಿದೆ, ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿದವರಲ್ಲಿ ಅವರೇ ಹೆಚ್ಚು. ಮೊಬೈಲಿನಲ್ಲಿ ನೂರಿಪ್ಪತ್ತು ಫೋಟೊ ತೆಗೆದು ಮೂರು ಆಯಾಮದ ಪ್ರತಿರೂಪ ಮಾಡಲೂ ಹೊರಟಿದ್ದೆ, ಮರದ ನೆರಳು ಅಲುಗಾಡಿ ವೀರನಿಗೆ ಎರಡು ತಲೆ ಬಂದವು. ಮೋಡದ ದಿನಕ್ಕೆ ಕಾಯಬೇಕಿತ್ತು.

ಹದಿನೇಳರಲ್ಲಿ ಹನ್ನೆರಡು ಅರ್ಜಿಗಳು ಗೆದ್ದವು. ಫಲಕಗಳ ದಂಡವನ್ನೂ ಸೇರಿಸಿ ಒಟ್ಟು ಖರ್ಚು ಒಂದು ಲಕ್ಷ ಹತ್ತು ಸಾವಿರದ ಹತ್ತಿರ ಇರಬಹುದು. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ನಕಲು, ಹದ್ದುಬಸ್ತು ಮತ್ತು ಓಡಾಟಕ್ಕೆ ಹೋದ ಮೂವತ್ತೈದು ಸಾವಿರವಷ್ಟೇ. ಬಿದ್ದುಹೋದ ಐದರಲ್ಲಿ ಮೂರು ಯೋಜನಾ ಪ್ರದೇಶದ ಗಡಿಯಾಚೆ ಇದ್ದವು, ಅದನ್ನು ಮೊದಲೇ ನೋಡದಿದ್ದದ್ದು ಭೂಮಾಪಕನಾದ ನನಗೆ ನಾಚಿಕೆಯ ಸಂಗತಿ.

ಅಂತಿಮ ನಕ್ಷೆಯ ಅನುಬಂಧದಲ್ಲಿ ಒಂದು ವೀರಗಲ್ಲಿನ ಸರ್ವೆ ನಂಬರು 47/2 ಎಂದಿರಬೇಕಾದದ್ದು 74/2 ಎಂದು ಅಚ್ಚಾಗಿದೆ. 74/2ರಲ್ಲಿರುವುದು ಕೋಳಿ ಫಾರಂ. ಅದರ ಮಾಲೀಕರು ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಾರೆ, ನಾನು ಅವರಿಂದಲೂ ಸಹಿ ಹಾಕಿಸಿ ಕೊಟ್ಟ ತಿದ್ದುಪಡಿ ಅರ್ಜಿಗೆ ಈಗ ಐದನೆಯ ತಿಂಗಳು.