ಹೊಳೆ ನೀರು ಮನೆಗೆ ನುಗ್ಗಿದರೆ

2019ರ ಆಗಸ್ಟಿನಲ್ಲಿ ಮಲಪ್ರಭೆ ನಮ್ಮ ಪಡಸಾಲೆಗೇ ಬಂದಳು. ನೀರು ಇಳಿದ ಕೂಡಲೇ ನಾನು ಬಿದ್ದ ಗೋಡೆಯ ಮಣ್ಣನ್ನೆಲ್ಲ ಬಳಿದು ಹಾಕಿದೆ. ಹಾನಿ ನೋಡಿ ಬರೆದುಕೊಳ್ಳಲು, ಅಂದರೆ ಪಂಚನಾಮೆಗೆ, ಬಂದವರು "ಎಲ್ಲಿ ಬಿದ್ದಿದೆ?" ಎಂದು ಕೇಳಿದರು! ನೀವು ಹಾಗೆ ಮಾಡಬೇಡಿ.

ನೀರು ಏರುತ್ತಿದ್ದರೆ ಮೊದಲು 1077ಕ್ಕೆ ಫೋನ್ ಮಾಡಿ. ಅದು ಜಿಲ್ಲೆಯ ಕಂಟ್ರೋಲ್ ರೂಮ್. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಬೋಟು, ಮನೆ ಬಿಟ್ಟವರು ಉಳಿಯುವ ಕಾಳಜಿ ಕೇಂದ್ರ ಎಲ್ಲ ಅವರ ಕೈಯಲ್ಲೇ. ಅಲ್ಲಿ ಸಿಗದಿದ್ದರೆ ರಾಜ್ಯದ್ದು 1070. ದಿಲ್ಲಿಗೆ ಟ್ವೀಟ್ ಮಾಡುತ್ತಾ ಕೂರುವುದು ಸುಮ್ನೆ.

ನೀರು ಇಳಿದ ಮೇಲೆ ಏನೂ ಮುಟ್ಟಬೇಡಿ. ಗೋಡೆಯಲ್ಲಿ ನೀರು ನಿಂತ ಕಲೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ಮನೆಯವರೊಬ್ಬರನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ಎತ್ತರ ಗೊತ್ತಾಗುತ್ತದೆ ಅಲ್ವಾ? ಬಾಗಿಲ ಮೇಲಿನ ಮನೆ ನಂಬರೂ ಕಾಣಲಿ.

ಗ್ರಾಮ ಆಡಳಿತ ಅಧಿಕಾರಿ ಬಂದಾಗ ಆಧಾರ್, ಪಾಸ್‌ಬುಕ್ ನಕಲು ಕೈಯಲ್ಲಿರಲಿ. ಪಂಚನಾಮೆ ಓದಿಯೇ ಸಹಿ ಹಾಕಿ. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ಆದರೆ ನಿಮ್ಮ ಓಡಾಟವೆಲ್ಲ ತಹಶೀಲ್ದಾರ್ ಕಚೇರಿಗೇ. ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಇಸಿದುಕೊಂಡೇ ಬನ್ನಿ.