ನಿಂತ ಜಾಯಿಂಟಿಗೆ ಯಾವ ರಾಡ್? ಮಳೆಗಾಲದ ವೆಲ್ಡಿಂಗ್ ರಿಪೇರಿಗೆ ಮುಂಚೆ ನೋಡ್ಕೊಳ್ಳಿ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟು ಮೀನು ಹಿಡಿಯೋಕೆ ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಹಾಗಾಗಿ ಕಾರವಾರದ ಬೈತಖೋಲ್ ಬಂದರು ಇರ್ಲಿ ತದಡಿ ಇರ್ಲಿ ಬೋಟಿನ ಕಬ್ಬಿಣದ ಕೆಲಸ ಎಲ್ಲ ಬಂದು ಬೀಳೋದು ಈ 61 ದಿನದಲ್ಲೇ, ಅಂದ್ರೆ ಗಾಳಿಯಲ್ಲೇ ನೀರು ಇರೋ ಹೊತ್ತಲ್ಲಿ. ಶಿರಸಿ ಕಡೆ ತೋಟದ ಗೇಟು, ತಗಡಿನ ಮಾಡಿನ ಕಂಬ ಕೈಕೊಡೋದೂ ಆವಾಗ್ಲೇ. ಇದ್ರಲ್ಲಿ ಮುಕ್ಕಾಲು ಕೆಲಸ ನಿಂತ ಜಾಯಿಂಟು, ಅಂದ್ರೆ ನೆಟ್ಟಗೆ ನಿಂತಿರೋ ಜೋಡಣೆ, ಬಿಚ್ಚಿ ನೆಲದ ಮೇಲೆ ಮಲಗಿಸಿ ಹೊಡೆಯೋಕೆ ಆಗಲ್ಲ. ಕರಗಿದ ಕಬ್ಬಿಣ ಕೆಳಗೆ ಜಾರ್ತದೆ, ಸೌಟಿಂದ ಜೋನಿಬೆಲ್ಲ ಇಳಿದ ಹಾಗೆ. ಅದು ಜಾರೋ ಮುಂಚೆ ಗಟ್ಟಿಯಾಗಬೇಕು, ಅದಕ್ಕೇ ರಾಡ್ ಆಯ್ಕೆಗೆ ಇಷ್ಟು ಬೆಲೆ.

ಮೊದ್ಲು ಪ್ಯಾಕೆಟ್ ಮೇಲಿನ ನಂಬರ್ ಓದಿ. 6013, 7018 ಅಂತ ಇರ್ತದಲ್ಲ, ಮೊದಲ ಎರಡು ಅಂಕೆ ಬಲ, 60 ಅಂದ್ರೆ ಚದರ ಇಂಚಿಗೆ ಕನಿಷ್ಠ 60 ಸಾವಿರ ಪೌಂಡ್ ಎಳೆತ ತಡೀಬೇಕು. ಮೂರನೇ ಅಂಕೆ ನಮಗೆ ಮುಖ್ಯ. 1 ಇದ್ರೆ ಎಲ್ಲಾ ಪೊಸಿಷನ್‌ಗೂ ಆಗ್ತದೆ, 2 ಇದ್ರೆ ಮಲಗಿದ ಜಾಯಿಂಟು ಮತ್ತು ಅಡ್ಡ ಫಿಲೆಟ್‌ಗೆ (ಎರಡು ತುಂಡು ಸೇರೋ ಮೂಲೆಯಲ್ಲಿ ಅಡ್ಡಕ್ಕೆ ಹಾಕೋ ವೆಲ್ಡಿಂಗಿಗೆ) ಮಾತ್ರ. ಹಾಗಾಗಿ 7024 ಎಷ್ಟೇ ಚಂದ ಬೀಡ್ (ವೆಲ್ಡಿಂಗ್ ಸಾಲು) ಹಾಕಿದ್ರೂ ನಿಂತ ಕೆಲಸಕ್ಕೆ ತರಬೇಡಿ, ಎಲ್ಲಾ ಸುರಿದು ಬೀಳ್ತದೆ.

ಆಮೇಲೆ ಆ ಜಾಯಿಂಟು ಎಂತ ಹೊರ್ತದೆ ಅಂತ ನೋಡಿ. ಗ್ರಿಲ್ಲು, ಗೇಟು, ತೆಳು ಆಂಗಲ್ ಆದ್ರೆ 6013 ಸಾಕು, ಹಳೇ ಟ್ರಾನ್ಸ್‌ಫಾರ್ಮರ್ ಮಷಿನ್ನಲ್ಲೂ ಸಲೀಸಾಗಿ ಹತ್ಕೊಳ್ತದೆ. ಬಲೆ ಎಳೆಯೋ ವಿಂಚಿನ ಬುಡ, ಬಲೆಯ ಹಗ್ಗ ಹೊರೋ ಗ್ಯಾಲೋಸ್ ಫ್ರೇಮು, ಟ್ರೇಲರ್ ಚಾಸಿ, ಹೀಗೆ ಜಗ್ಗಾಟ ಇರೋ ಕಡೆ 7018ನೇ ಬೇಕು, ಅದ್ರ ಬೀಡು ಬಾಗ್ತದೆ, ಬೇಗ ಬಿರುಕು ಬಿಡಲ್ಲ. ಆದ್ರೆ 7018ಗೆ ಡಿಸಿ ಒಳ್ಳೇದು, ಹೋಲ್ಡರ್ ಪಾಸಿಟಿವ್‌ಗೆ ಹಾಕಿ, ಎಸಿ ಮಷಿನ್ ಆದ್ರೆ ಓಪನ್ ವೋಲ್ಟೇಜ್ (ರಾಡ್ ತಾಗಿಸೋ ಮುಂಚೆ ಮಷಿನ್ ಕೊಡೋ ವೋಲ್ಟೇಜ್) 70ರ ಹತ್ರ ಇರಬೇಕು ಇಲ್ಲಾಂದ್ರೆ ಅಂಟಿ ಅಂಟಿ ಜೀವ ತಿಂತದೆ. 6010, 6011 ಸ್ವಲ್ಪ ತುಕ್ಕು ಇದ್ರೂ ಆಳಕ್ಕೆ ಹೋಗ್ತವೆ, ಬೇಗ ಗಟ್ಟಿಯಾಗ್ತವೆ, ನಿಂತ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ, ಆದ್ರೆ 6010 ಡಿಸಿಗೆ ಮಾತ್ರ, ಸಣ್ಣ ಇನ್ವರ್ಟರಲ್ಲಿ ಸುಮಾರು ಸಲ ಆರ್ಕೇ (ರಾಡಿನ ತುದಿಯ ಉರಿ) ನಿಲ್ಲಲ್ಲ.

ಸೈಜ್ ವಿಷ್ಯದಲ್ಲಿ ನಾನು ಹೇಳೋದು ಒಂದೇ, ಅನುಮಾನ ಇದ್ರೆ 2.5 ಎಂಎಂ ತಗೊಳ್ಳಿ, ಅಂಗಡೀಲಿ 12 ನಂಬರ್ ಅಂದ್ರೆ ಅದೇ. 3.15 ಅಂದ್ರೆ 10 ನಂಬರ್, ಅದು 6 ಎಂಎಂ ಮೇಲಿನ ಪ್ಲೇಟಿಗೆ, ಅದೂ ಕೈ ಪಳಗಿದ ಮೇಲೆ. 4 ಎಂಎಂ ರಾಡಲ್ಲಿ ಕರಗಿದ ಕಬ್ಬಿಣದ ಗುಂಡಿ ದೊಡ್ಡದಾಗ್ತದೆ, ನಿಂತ ಜಾಯಿಂಟಲ್ಲಿ ಹಿಡಿಯೋದು ಕಷ್ಟ.

ಈಗ ನಮ್ಮ ಕರಾವಳಿಯ ನಿಜವಾದ ತೊಂದ್ರೆ, ತೇವ. ಒಂದು ಮಳೆಗಾಲ ನಾನು ಅರ್ಧ ಉಳಿದ 7018 ಪ್ಯಾಕೆಟ್ಟನ್ನ ಹಾಗೇ ಬೆಂಚಿನ ಮೇಲೆ ಬಿಟ್ಟಿದ್ದೆ, ಒಂದು ವಾರ ಬಿಟ್ಟು ಅದ್ರಲ್ಲೇ ಒಂದು ಬ್ರಾಕೆಟ್ ಹೊಡೆದೆ, ಮೇಲಿಂದ ನೋಡೋಕೆ ಚಂದ ಇತ್ತು, ಗ್ರೈಂಡರ್ ಇಟ್ಟ ಕೂಡ್ಲೇ ಒಳಗೆಲ್ಲ ಸೂಜಿ ಚುಚ್ಚಿದ ಹಾಗೆ ತೂತು, ಹಂಚಿಗೆ ಹೊಯ್ದ ದೋಸೆ ಥರ. ಪೂರ್ತಿ ಕೆತ್ತಿ ಮತ್ತೆ ಹೊಡಿಬೇಕಾಯ್ತು. ತೂತು ಕಣ್ಣಿಗಾದ್ರೂ ಕಾಣ್ತದೆ, ತೇವದಿಂದ ಬರೋ ಹೈಡ್ರೋಜನ್ ಗಟ್ಟಿ ಸ್ಟೀಲಲ್ಲಿ ಗಂಟೆಗಟ್ಟಲೆ ಆದ್ಮೇಲೆ ಒಳಗಿಂದ ಬಿರುಕು ಬಿಡಿಸ್ತದೆ. ಪ್ಯಾಕೆಟ್ ಒಡೆದ ಮೇಲೆ ಸಾದಾ 7018ಗೆ 4 ಗಂಟೆ ಲೆಕ್ಕ ಇಟ್ಕೊಳ್ಳಿ. ಮೀರಿದ್ರೆ ಓವನ್ನಲ್ಲಿ ಸಾಮಾನ್ಯವಾಗಿ 250ರಿಂದ 350 ಡಿಗ್ರೀಲಿ ಒಂದೆರಡು ಗಂಟೆ ಬೇಯಿಸಬೇಕು, ಪ್ಯಾಕೆಟ್ ಮೇಲೆ ಎಷ್ಟು ಬರೆದಿದೆಯೋ ಅದೇ ಫೈನಲ್. ಬಚ್ಚಲೊಲೆ ಹತ್ರ ಇಟ್ಟು ಬೆಚ್ಚಗೆ ಮಾಡಿದ್ರೆ ಮೇಲಿನ ಪಸೆ ಹೋಗಬಹುದು, ಒಳಗಿನ ತೇವ ಹೋಗಲ್ಲ. 6013ಗೆ ಇಷ್ಟೆಲ್ಲ ಬೇಡ, 100 ಡಿಗ್ರಿ ಸುಮಾರಿಗೆ ಒಂದು ಗಂಟೆ ಸಾಕು. 6010, 6011 ಮಾತ್ರ ಬೇಯಿಸಲೇಬೇಡಿ, ಅವುಗಳ ಕೋಟಿಂಗಿಗೆ (ತಂತಿ ಮೇಲಿನ ಲೇಪಕ್ಕೆ) ಸ್ವಲ್ಪ ತೇವ ಬೇಕೇ ಬೇಕು. ಕೋಟಿಂಗ್ ಮೇಲೆ ಬಿಳಿ ಬೂಸ್ಟಿನ ಥರ ಪುಡಿ ಎದ್ದಿದ್ರೆ, ಒಳಗಿನ ತಂತಿ ಕೆಂಪಾಗಿದ್ರೆ ಆ ರಾಡ್ ಎಸೀರಿ.

ಹೊಡೆಯೋ ಮುಂಚೆ ಪೇಂಟು, ತುಕ್ಕು, ಉಪ್ಪು ಎಲ್ಲಾ ಗ್ರೈಂಡ್ ಮಾಡಿ ಹೊಳೆಯೋ ಕಬ್ಬಿಣ ಕಾಣಬೇಕು, ಬಿರುಕನ್ನ ವಿ ಆಕಾರಕ್ಕೆ ಕೆತ್ತಿ. ಅರ್ತ್ ಕ್ಲಾಂಪ್ ಜಾಯಿಂಟಿನ ಹತ್ರವೇ ಕಚ್ಚಿಸಿ. ಬೋಟಲ್ಲಾದ್ರೆ ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಟ್ಯಾಂಕ್ ಇರೋ ಜಾಗದ ಗೋಡೆಗೆ ಕೈ ಹಾಕಬೇಡಿ. ಒದ್ದೆ ಗ್ಲೌಸು, ಬರಿಗಾಲು ಈ ಕೆಲಸದಲ್ಲಿ ಜೀವ ತೆಗೀತಾವೆ.

ಕರೆಂಟು ಮಲಗಿದ ಜಾಯಿಂಟಿಗಿಂತ ಹತ್ತು ಪರ್ಸೆಂಟ್ ಕಮ್ಮಿ ಇಡಿ, 2.5ರ 6013ಗೆ 70 ಆಂಪಿಯರಿಂದ ಶುರು ಮಾಡಿ ಗುಜರಿ ತುಂಡಿನ ಮೇಲೆ ನೋಡಿ, ಅದನ್ನೂ ನಿಲ್ಲಿಸೇ ಹೊಡೀರಿ. 3 ಎಂಎಂ ಮತ್ತು ಅದಕ್ಕಿಂತ ದಪ್ಪದ ಪ್ಲೇಟಿಗೆ ಕೆಳಗಿಂದ ಮೇಲೆ ಹೋಗಿ, ರಾಡಿನ ತುದಿ ಸ್ವಲ್ಪ ಮೇಲ್ಮುಖ, ಆರ್ಕ್ ಗಿಡ್ಡ. ಎರಡೂ ಅಂಚಲ್ಲಿ ಒಂದು ಕ್ಷಣ ನಿಂತು ಮಧ್ಯ ಬೇಗ ದಾಟಿ, ಅಂಚಲ್ಲಿ ನಿಲ್ಲದಿದ್ರೆ ಪಕ್ಕದಲ್ಲಿ ಚರಂಡಿ ಬೀಳ್ತದೆ, ಮಧ್ಯ ನಿಂತ್ರೆ ಹೊಟ್ಟೆ ಬರ್ತದೆ. ತೆಳು ಶೀಟಿಗೆ ಮಾತ್ರ 6013ರಲ್ಲಿ ಮೇಲಿಂದ ಕೆಳಗೆ ಎಳೀಬಹುದು, ದಪ್ಪ ಪ್ಲೇಟಲ್ಲಿ ಹಾಗೆ ಎಳೆದ್ರೆ ಸ್ಲ್ಯಾಗ್ (ಬೀಡಿನ ಮೇಲೆ ಕಟ್ಟೋ ಕಿಟ್ಟ) ಮುಂದೆ ಓಡಿ ಒಳಗೆ ಸಿಕ್ಕಿ ಬೀಳ್ತದೆ.

ಪ್ರತೀ ಪಾಸ್ (ಒಂದು ಸಲ ಎಳೆದ ಬೀಡು) ಆದ್ಮೇಲೆ ಸ್ಲ್ಯಾಗ್ ಪೂರ್ತಿ ಕುಟ್ಟಿ ಬ್ರಷ್ ಹಾಕಿ, ಕೊನೇ ಪಾಸ್ ತಣ್ಣಗಾದ ಮೇಲೆ ಅದೇ ದಿನ ಪ್ರೈಮರ್ ಹಚ್ಚಿ, ನಮ್ಮ ಕಡೆ ಒಂದು ರಾತ್ರಿ ಬಿಟ್ರೆ ಬೆಳಿಗ್ಗೆ ಕೆಂಪಾಗಿರ್ತದೆ.